ಭಾನುವಾರದ ಒಪ್ಪತ್ತು

ನಮ್ಮ ಆಫೀಸಿನಲ್ಲಿ ಯಾರಾದರೂ ಮಕ್ಕಳನ್ನು ಕರೆದುಕೊಂಡು ಆ ನೀರಿನಾಟದ ಪಾರ್ಕಿಗೆ ಹೊರಟರೆ ಮೊದಲು ನನ್ನ ಟೇಬಲ್ಲಿಗೆ ಬರುತ್ತಾರೆ. ನಾನು ಹೋಗಿ ಬಂದವಳು ಎಂಬುದು ಎಲ್ಲರಿಗೂ ಗೊತ್ತು. ಒಳಗಿನ ಹೋಟೆಲಿನಲ್ಲಿ ಊಟ ಬಲು ದುಬಾರಿಯಂತೆ, ಅಷ್ಟು ದುಡ್ಡಿಗೆ ತಕ್ಕ ಹಾಗಿದೆಯಾ ಎಂದು ಕೇಳುತ್ತಾರೆ. ಚೆನ್ನಾಗಿದೆ, ಹೋಗಿ ಬನ್ನಿ ಎನ್ನುತ್ತೇನೆ. ಕೋಲಾರದ ಸರ್ಕಾರಿ ಕಚೇರಿಯಲ್ಲಿ ಹದಿನಾಲ್ಕು ವರ್ಷ ಕೂತವಳಿಗೆ ಕಡತದಿಂದ ತಲೆ ಎತ್ತದೆ ಉತ್ತರ ಕೊಡುವುದು ಕಷ್ಟದ ಕೆಲಸವಲ್ಲ. ಆದರೆ ಅವರು ಅತ್ತ ಹೋದ ಮೇಲೆ ನನ್ನ ಅಂಗೈ ಬೆವರಿರುತ್ತದೆ. ಸೆರಗಿಗೆ ಒರೆಸಿಕೊಂಡು ಮತ್ತೆ ಪೆನ್ನು ಹಿಡಿಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪುಕ್ಕಲು ಹೆಂಗಸು. ನಾಯಿಗೆ ಹೆದರುತ್ತೇನೆ, ಗುಡುಗಿಗೆ ಹೆದರುತ್ತೇನೆ, ಯೂನಿಫಾರಂ ಹಾಕಿದವರು ಯಾರೇ ಆದರೂ ಹೆದರುತ್ತೇನೆ. ಗಾಜಿನ ಬಾಗಿಲಿನ ಅಂಗಡಿಗಳೆಂದರೆ ಇನ್ನೂ ಹೆದರಿಕೆ. ಅಲ್ಲಿ ಬೆಲೆ ಕೇಳಿ ವಾಪಸು ಬಂದರೆ ಹಿಂದಿನಿಂದ ನಗುತ್ತಾರೇನೋ ಎಂದು ಬೇಡದ ವಸ್ತುವನ್ನು ಕೊಂಡು ತಂದದ್ದೂ ಉಂಟು. ನನ್ನ ಗಂಡ ಮುಳಬಾಗಿಲಿನ ಕಡೆ ಶಾಲೆಯೊಂದರಲ್ಲಿ ಮೇಷ್ಟ್ರು. ನನ್ನ ಒಂದನೇ ಕ್ಲಾಸಿನ ಮಕ್ಕಳಿಗೂ ನಿನಗಿಂತ ಹೆಚ್ಚು ಧೈರ್ಯ ಇದೆ ಎಂದು ರೇಗಿಸುತ್ತಾರೆ.

ನನಗಿರುವ ಧೈರ್ಯವೆಲ್ಲ ಒಂದು ಸೂಜಿಯಲ್ಲಿದೆ. ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ಸಂಜೆ ಒಂದು ಇಂಜೆಕ್ಷನ್ನು ಬೀಳಬೇಕು. ಅವರಿಗೆ ಚುಚ್ಚಿಕೊಳ್ಳಲು ಕೈ ಬರುವುದಿಲ್ಲ, ಮಗನಿಗೆ ನೋಡಲೂ ಆಗುವುದಿಲ್ಲ. ಹಾಗಾಗಿ ಆ ಕೆಲಸ ನನ್ನದು. ಆಸ್ಪತ್ರೆಯಲ್ಲಿ ಕಲಿಸಿಕೊಟ್ಟ ದಿನ ಡಾಕ್ಟರು ನನ್ನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದ್ದರು: ಚುಚ್ಚಿದ ಮೇಲೆ ಹೊತ್ತು ಹೊತ್ತಿಗೆ ತಿನ್ನಲೇಬೇಕು, ಊಟ ತಪ್ಪಿದರೆ ರಕ್ತದಲ್ಲಿ ಸಕ್ಕರೆ ಇಳಿದುಹೋಗುತ್ತದೆ, ಬೆವರುತ್ತಾರೆ, ತೊದಲುತ್ತಾರೆ, ಎಚ್ಚರ ತಪ್ಪಿದರೆ ಜೀವಕ್ಕೇ ಮೋಸ. ಯಾವಾಗಲೂ ಒಂದು ತುಂಡು ಬೆಲ್ಲ ಹತ್ತಿರ ಇಟ್ಟಿರಿ ಎಂದಿದ್ದರು. ನಾನು ಅದನ್ನು ಪಾಠದಂತೆ ಬಾಯಿಪಾಠ ಮಾಡಿದ್ದೆ.

ಅತ್ತೆಯ ತವರು ನಂಗಲಿ. ಆಂಧ್ರದ ಗಡಿ ಅಲ್ಲಿಂದ ಕೂಗಳತೆಯ ದೂರ. ಮದುವೆಯಾಗಿ ಕ್ಯಾಲನೂರಿನ ಪಕ್ಕದ ನಮ್ಮೂರಿಗೆ ಬಂದು ನಲವತ್ತು ವರ್ಷದ ಮೇಲಾಯಿತು. ನಮ್ಮ ಜೊತೆ ಮಾತೆಲ್ಲ ಕನ್ನಡದಲ್ಲಿ, ಹಸುಗಳ ಜೊತೆ ಮಾತ್ರ ತೆಲುಗಿನಲ್ಲಿ. ಎರಡು ಹಸು ಇವೆ. ಎರಡು ಹೊತ್ತೂ ಅವರೇ ಕರೆದು ಡೇರಿಗೆ ಹಾಕಿ ಬರುತ್ತಾರೆ. ಸೋಮವಾರ ಒಪ್ಪತ್ತು ಹಿಡಿಯುತ್ತಾರೆ. ಮೊದಲೆಲ್ಲ ಹಗಲು ನೀರು ಬಿಟ್ಟು ಬೇರೇನೂ ಮುಟ್ಟದೆ, ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ ಮಾಡುತ್ತಿದ್ದರು. ಡಾಕ್ಟರು ಬೈದ ಮೇಲೆ ಹಗಲು ಅವಲಕ್ಕಿ ತಿನ್ನಲು ಒಪ್ಪಿಕೊಂಡರು. ಅವಲಕ್ಕಿ ಊಟವಲ್ಲ, ಫಲಹಾರ, ಆದ್ದರಿಂದ ವ್ರತ ಕೆಡುವುದಿಲ್ಲ ಎಂದು ಅವರೇ ತೀರ್ಮಾನ ಕೊಟ್ಟರು. ನಮ್ಮ ಕಡೆ ಒಪ್ಪತ್ತು ಎಂದವರನ್ನು ಯಾರೂ ಬಲವಂತ ಮಾಡುವುದಿಲ್ಲ. ಇನ್ನೊಬ್ಬರ ವ್ರತ ಕೆಡಿಸಿದರೆ ಆ ಪಾಪ ಬಡಿಸಿದವರಿಗೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಮದುವೆ ಮನೆಯ ಪಂಕ್ತಿಯಲ್ಲೂ ಒಪ್ಪತ್ತು ಎಂದು ಒಂದು ಮಾತು ಅಂದರೆ ಸಾಕು, ಬಡಿಸುವವನು ಎಲೆ ದಾಟಿ ಮುಂದಕ್ಕೆ ಹೋಗುತ್ತಾನೆ.

ನನ್ನ ಮಗಳು ನಾಲ್ಕನೇ ಕ್ಲಾಸು. ಮಾಲೂರಿನ ಆಚೆ, ನಮ್ಮೂರಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ಆ ಪಾರ್ಕಿಗೆ ಅವಳ ಕ್ಲಾಸಿನ ಅರ್ಧ ಮಕ್ಕಳು ಹೋಗಿ ಬಂದಿದ್ದರು. ನೀರಿನಾಟಕ್ಕಿಂತ ಅವಳ ಕಣ್ಣಿದ್ದದ್ದು ಒಳಗಿನ ಹೋಟೆಲಿನ ಮೇಲೆ. ಅಲ್ಲಿ ಎತ್ತಿನ ಗಾಡಿಯೊಳಗೆ ಕೂತು ಊಟ ಮಾಡಬಹುದಂತೆ. ನಮ್ಮ ಬೀದಿಯಲ್ಲಿ ಎರಡು ಗಾಡಿ ಗಾಲಿ ಕಳಚಿಕೊಂಡು ಬಿದ್ದಿವೆ, ಅದರಲ್ಲಿ ಕೂತು ತಿನ್ನು, ನಾನೇ ಬಡಿಸುತ್ತೇನೆ ಎಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಕೊನೆಗೆ ಅವಳ ಹುಟ್ಟುಹಬ್ಬಕ್ಕೆ ಒಂದು ಭಾನುವಾರ ಹೊರಟೆವು. ಅತ್ತೆ ಬರುವುದಿಲ್ಲ ಎಂದಿದ್ದರು. ಅವರನ್ನು ಒಂದು ದಿನ ಒಬ್ಬರೇ ಬಿಡುವುದಕ್ಕೂ ನನಗೆ ಹೆದರಿಕೆ. ಸಂಜೆಯ ಹಾಲು ಕರೆಯುವ ಹೊತ್ತಿಗೆ ವಾಪಸು ಬಂದುಬಿಡೋಣ ಎಂದು ಒಪ್ಪಿಸಿ ನಾನೇ ಹೊರಡಿಸಿದೆ.

ಬೆಳಿಗ್ಗೆ ಏಳಕ್ಕೆ ನಾನೇ ಇಂಜೆಕ್ಷನ್ನು ಕೊಟ್ಟೆ. ಬಾಡಿಗೆ ಕಾರು ಬಂದಿತ್ತು. ದಾರಿಯಲ್ಲಿ ನಿಲ್ಲಿಸಿ ತಿಂಡಿ ತಿಂದೆವು. ಕಾರಿನಲ್ಲಿ ಹೊಟ್ಟೆ ತೊಳೆಸುತ್ತದೆ ಎಂದು ಅತ್ತೆ ಎರಡು ಇಡ್ಲಿಗೆ ಸಾಕು ಎಂದರು. ಇರಲಿ, ಚೀಲದಲ್ಲಿ ಬುತ್ತಿ ಇತ್ತಲ್ಲ. ಚಿತ್ರಾನ್ನ, ಮೊಸರನ್ನ, ಕಡಲೆಕಾಯಿ ಚಟ್ನಿಪುಡಿ, ಅತ್ತೆಗೆಂದೇ ಎರಡು ರಾಗಿ ರೊಟ್ಟಿ. ಪಕ್ಕದ ಜೇಬಿನಲ್ಲಿ ಕಾಗದ ಸುತ್ತಿದ ಬೆಲ್ಲ.

ಗೇಟಿನಲ್ಲಿ ಸೆಕ್ಯುರಿಟಿಯವನು ಚೀಲ ತೆಗೆಸಿದ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಇಲ್ಲೇ ಇಟ್ಟು ಹೋಗಬೇಕು, ಹೋಗುವಾಗ ತೆಗೆದುಕೊಳ್ಳಿ ಎಂದ. ಇವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು ಎಂದು ಒಂದು ಮಾತು ಹೇಳಿದ್ದರೆ ಬಹುಶಃ ಬಿಡುತ್ತಿದ್ದ. ನನ್ನ ಹಿಂದೆ ಉದ್ದ ಸಾಲು ನಿಂತಿತ್ತು. ಯಾರೋ ತಂಪು ಕನ್ನಡಕದ ಹೆಂಗಸು ನಮ್ಮ ಸ್ಟೀಲ್ ಡಬ್ಬಿಗಳನ್ನು ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಚೀಲವನ್ನು ಬೆಲ್ಲದ ಸಮೇತ ಅವನ ಕೈಗೆ ಕೊಟ್ಟು ಒಳಗೆ ನಡೆದೆ.

ಹೋಟೆಲಿಗೆ ಹಳ್ಳಿಯ ವೇಷ ಹಾಕಿದ್ದರು. ಸೋಗೆಯ ಮಾಡು, ಗೋಡೆಗೆ ಕೆಮ್ಮಣ್ಣಿನ ಬಣ್ಣ, ಸೀಮೆಎಣ್ಣೆ ಲಾಂದ್ರದೊಳಗೆ ಕರೆಂಟಿನ ಬಲ್ಬು. ಬಾಗಿಲ ಪಕ್ಕದಲ್ಲಿ ಸಿಮೆಂಟಿನ ಹಸು, ಅದರ ಕೆಚ್ಚಲಿನ ಕೆಳಗೆ ಹಿತ್ತಾಳೆ ಬಣ್ಣದ ಬಿಂದಿಗೆ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ ಸಿಮೆಂಟಿನ ಹೆಂಗಸು. ಅತ್ತೆ ಅದನ್ನು ಸುತ್ತು ಹಾಕಿ ನೋಡಿ ನಕ್ಕಿದ್ದೇ ನಕ್ಕಿದ್ದು. ಅಷ್ಟು ಸಣ್ಣ ಬಾಯಿಯ ಬಿಂದಿಗೆಗೆ ಯಾರು ಹಾಲು ಕರೆಯುತ್ತಾರೆ, ಅರ್ಧ ನೆಲಕ್ಕೆ ಹೋಗುತ್ತದೆ ಎಂದರು. ಆಮೇಲೆ ಬಾಗಿಲಲ್ಲಿ ತೂಗುಹಾಕಿದ್ದ ಬೋರ್ಡನ್ನು ಮೊಮ್ಮಗಳ ಕೈಲಿ ಓದಿಸಿದರು. ಹಳ್ಳಿ ಊಟ, ಒಬ್ಬರಿಗೆ ಏಳುನೂರ ಐವತ್ತು.

ಅತ್ತೆಯ ನಗು ನಿಂತಿತು. ಬರುವಾಗ ಗೊತ್ತಿತ್ತು, ದುಬಾರಿ ಎಂದು. ಇಷ್ಟು ಎಂದು ಗೊತ್ತಿರಲಿಲ್ಲ. ಆಗ ಅತ್ತೆ ಬಾಗಿಲ ಎದುರಿನ ಹೊಂಗೆ ಮರದ ಕೆಳಗಿನ ಕಲ್ಲು ಬೆಂಚಿನ ಮೇಲೆ ಕೂತರು.

"ಇವತ್ತು ನಂದು ಒಪ್ಪತ್ತು ಕಣಮ್ಮ. ನೀವು ತಿನ್ಕೊಂಡು ಬನ್ನಿ, ನಾನಿಲ್ಲೇ ಕೂತಿರ್ತೀನಿ."

ಅದು ಭಾನುವಾರ. ಅವರ ಒಪ್ಪತ್ತು ಸೋಮವಾರ. ನನ್ನ ಗಂಡನಿಗೆ ಅಮ್ಮನ ವ್ರತ ಯಾವ ವಾರ ಎಂಬುದು ಹುಟ್ಟಿದಾಗಿನಿಂದ ಗೊತ್ತಿಲ್ಲ. ಸರಿ ಹಾಗಾದರೆ ಎಂದು ಮಗಳ ಕೈ ಹಿಡಿದು ಒಳಗೆ ಹೋದರು. ಗೊತ್ತಿದ್ದವಳು ನಾನು. ಪ್ರತಿ ಸೋಮವಾರ ಅವಲಕ್ಕಿ ನೆನೆಸುವವಳು ನಾನು. ಬೆಳಿಗ್ಗೆ ಸೂಜಿ ಚುಚ್ಚಿದವಳೂ ನಾನು. ಇವತ್ತು ಭಾನುವಾರ ಅಲ್ವಾ ಅತ್ತೆ ಎಂದು ಕೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ನಾನು ಕೇಳಲಿಲ್ಲ. ನಾಲ್ಕು ಜನರ ಊಟ ಮೂರಕ್ಕೆ ಇಳಿಯಿತಲ್ಲ ಎಂದು ನನ್ನ ಮನಸ್ಸು ಹಗುರಾಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಬೇಗ ತಿಂದು ಬಂದು ಹೊರಗೆ ಏನಾದರೂ ಸಣ್ಣದು ಕೊಡಿಸಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಗಂಡ, ಮಗಳ ಹಿಂದೆ ಹೋದೆ.

ಬೇಗ ಆಗಲಿಲ್ಲ. ಎತ್ತಿನ ಗಾಡಿಗೆ ಸರದಿ ಇತ್ತು. ಮಗಳು ಬೇರೆ ಟೇಬಲ್ಲಿಗೆ ಒಪ್ಪಲಿಲ್ಲ. ಮುಕ್ಕಾಲು ಗಂಟೆ ಕಾದೆವು. ಮೊದಮೊದಲು ನಾನಿದ್ದ ಜಾಗದಿಂದ ಅತ್ತೆಯ ಬೆನ್ನು ಕಾಣುತ್ತಿತ್ತು. ಆಮೇಲೆ ನಮ್ಮನ್ನು ಒಳಗಿನ ಮೂಲೆಗೆ ಕರೆದುಕೊಂಡು ಹೋದರು, ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಊಟ ಬಂತು. ಪೇಟ ಕಟ್ಟಿದವನೊಬ್ಬ ನಿಂಬೆಹಣ್ಣಿನಷ್ಟು ದೊಡ್ಡ ಮುದ್ದೆಯನ್ನು ತಟ್ಟೆಯ ನಡುವೆ ಇಟ್ಟು, ನೀವು ಇದನ್ನು ಅಗಿಯಬಾರದು, ನುಂಗಬೇಕು ಎಂದು ನಮಗೆ ಹೇಳಿಕೊಟ್ಟ. ಬಸ್ಸಾರು ಒಂದು ಚೋಟುದ್ದದ ತಾಮ್ರದ ಚೊಂಬಿನಲ್ಲಿ. ಕೋಲಾರದ ಮಾರ್ಕೆಟ್ಟಿನಲ್ಲಿ ರಾಶಿ ಸುರಿಯುವ ಟೊಮೆಟೊ ಇಲ್ಲಿ ಗೊಜ್ಜಾಗಿ ಎರಡು ಚಮಚ. ನನ್ನ ಗಂಡ ಸಾರು ಮಾತ್ರ ಪರವಾಗಿಲ್ಲ ಎಂದರು. ಮಗಳು ಗಾಡಿಯಲ್ಲಿ ಕೂತು ಕಾಲು ಆಡಿಸುತ್ತಾ ಖುಷಿಯಾಗಿದ್ದಳು. ಅವಳ ಖುಷಿಯನ್ನು ಸುಳ್ಳು ಎನ್ನಲಾರೆ. ನಾನು ಎರಡನೇ ತುತ್ತಿಗೆ ಕೈ ಹಾಕಿದವಳು ತಲೆ ಎತ್ತಿದೆ. ಗೋಡೆಯ ಮೇಲೆ ಗಡಿಯಾರವಿತ್ತು. ಎರಡೂಕಾಲು. ಬೆಳಿಗ್ಗೆ ಎರಡು ಇಡ್ಲಿ, ಅದೂ ಎಂಟು ಗಂಟೆಗೆ. ಡಾಕ್ಟರು ಎದುರಿಗೆ ಕೂತು ಹೇಳಿದ್ದೆಲ್ಲ ಒಂದೊಂದಾಗಿ ಕಿವಿಗೆ ಬಂತು. ಕೈ ತೊಳೆಯದೆ ಎದ್ದು ಹೊರಗೆ ಓಡಿದೆ.

ಬೆಂಚು ಖಾಲಿ. ಬೆಂಚಿನ ಕೆಳಗೆ ಅವರ ಚಪ್ಪಲಿ ಇದ್ದವು.

ಚಪ್ಪಲಿ ಬಿಟ್ಟು ಅವರು ಎಲ್ಲಿಗೂ ಹೋಗುವವರಲ್ಲ. ಕಾಲಿಗೆ ಗಾಯವಾದರೆ ಮಾಯುವುದಿಲ್ಲ ಎಂಬ ಹೆದರಿಕೆಯಿಂದ ದನದ ಕೊಟ್ಟಿಗೆಗೂ ಚಪ್ಪಲಿ ಹಾಕುತ್ತಾರೆ. ಟಾಯ್ಲೆಟ್ಟಿನ ಕಡೆ ಓಡಿದೆ, ಪ್ರತಿ ಬಾಗಿಲನ್ನೂ ಬಡಿದು ಅತ್ತೆ ಎಂದು ಕೂಗಿದೆ. ಒಳಗಿನಿಂದ ಯಾರ‍್ಯಾರೋ ಬೈದರು. ಅಲ್ಲಿಂದ ಅಲೆ ಏಳುವ ದೊಡ್ಡ ಕೊಳದ ಕಡೆಗೆ ಹೋದೆ. ನೂರಾರು ತಲೆಗಳು ನೀರಿನಲ್ಲಿ ಏಳುತ್ತಿದ್ದವು, ಮುಳುಗುತ್ತಿದ್ದವು. ಬಿಳಿ ತಲೆ ಕಂಡಲ್ಲೆಲ್ಲ ಅಂಚಿಗೆ ಓಡಿ ಇಣುಕಿದೆ. ಮೈಕಿನಲ್ಲಿ ಹೇಳುವ ಕೌಂಟರಿನಲ್ಲಿ ಸೀರೆಯ ಬಣ್ಣ ಯಾವುದು ಎಂದು ಕೇಳಿದರು. ನನಗೆ ನೆನಪಾಗಲಿಲ್ಲ. ಬೆಳಿಗ್ಗೆ ನೆರಿಗೆ ಹಿಡಿದವಳು ನಾನೇ, ಆದರೂ ನೆನಪಾಗಲಿಲ್ಲ. ಎಲ್ಲೋ ಗಿಡದ ಮರೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಾರೆ, ನಾನು ಹುಡುಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಆಮೇಲೆ ಗಂಡನನ್ನಾದರೂ ಕರೆಯೋಣ ಎಂದು ಹೋಟೆಲಿನ ಕಡೆಗೇ ವಾಪಸು ಓಡಿದೆ.

ಹೋಟೆಲಿನ ಬಾಗಿಲ ಪಕ್ಕದಲ್ಲಿ ಜನ ಗುಂಪು ಸೇರಿ ನಗುತ್ತಿದ್ದರು. ಕೆಲವರು ಮೊಬೈಲು ಮೇಲಕ್ಕೆ ಎತ್ತಿ ಹಿಡಿದಿದ್ದರು. ಮೊದಲು ಹೊರಗೆ ಓಡಿ ಬಂದಾಗ ನನ್ನ ಕಣ್ಣೆಲ್ಲ ಎದುರಿನ ಬೆಂಚಿನ ಮೇಲಿತ್ತು, ಈ ಕಡೆ ತಿರುಗಿ ನೋಡಿರಲಿಲ್ಲ. ಸಂದಿಯಲ್ಲಿ ಇಣುಕಿದೆ.

ಅತ್ತೆ ಸಿಮೆಂಟಿನ ಹಸುವಿನ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿ, ಎರಡೂ ಕೈಯಿಂದ ಆ ಸಿಮೆಂಟಿನ ಮೊಲೆಗಳನ್ನು ಎಳೆಯುತ್ತಿದ್ದರು. ಕುಪ್ಪಸ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಜನ ಅವರನ್ನು ಹೋಟೆಲಿನವರು ಕೂಲಿಗೆ ಕೂರಿಸಿದ ಹಳ್ಳಿ ಹೆಂಗಸು ಎಂದುಕೊಂಡಿದ್ದರು. ಒಬ್ಬಾಕೆ ತನ್ನ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದಳು. ಯಾರೋ ಬಿಂದಿಗೆಯೊಳಗೆ ಹತ್ತು ರೂಪಾಯಿಯ ನೋಟು ಹಾಕಿದ್ದರು. ಎಷ್ಟು ಚೆನ್ನಾಗಿ ಮಾಡ್ತಾರೆ ನೋಡು, ನಿಜವಾದ ಹಳ್ಳಿಯವರ ಥರಾನೇ ಎಂದು ನನ್ನ ಪಕ್ಕದವನು ಹೆಂಡತಿಗೆ ಹೇಳುತ್ತಿದ್ದ.

ಜನರನ್ನು ತಳ್ಳಿಕೊಂಡು ಹೋಗಿ ಅವರ ಭುಜ ಹಿಡಿದೆ. ಮೈ ತಣ್ಣಗಿತ್ತು. ಮುಖ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ನಾನಿರಲಿಲ್ಲ.

"ದೂಡ ಏಡಮ್ಮಾ?" ಎಂದರು.

ಕರು ಎಲ್ಲಿ ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ಹದಿಮೂರು ವರ್ಷದಿಂದ ಒಂದೇ ಒಲೆಯಲ್ಲಿ ಬೇಯಿಸಿ ಉಂಡವಳು ನಾನು. ನನ್ನ ಜೊತೆ ಅವರು ತೆಲುಗು ಆಡಿದ್ದು ಅದೇ ಮೊದಲು. ನಾಲಗೆ ಹೊರಳುತ್ತಿರಲಿಲ್ಲ. ಡೇರಿಗೆ ಹೊತ್ತಾಯಿತು, ಹಸು ಸೊರೆ ಬಿಡುತ್ತಿಲ್ಲ, ಹಾಲು ಇಳಿಯುತ್ತಿಲ್ಲ, ಕರು ಬಿಡು ಎಂದು ತೊದಲುತ್ತಾ ಮತ್ತೆ ಹಸುವಿನ ಕಡೆ ತಿರುಗಿದರು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ನನಗೇ ನಂಬಿಕೆ ಬರುವುದಿಲ್ಲ. ಹೋಟೆಲಿನೊಳಗೆ ನುಗ್ಗಿದೆ. ಕೌಂಟರಿನಲ್ಲಿ ಕೂಪನ್ನಿಗೆ ಸಾಲು ನಿಂತಿತ್ತು. ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ಗೇಟಿನಲ್ಲಿ ನೋಡಿದ್ದ ಆ ಹೆಂಗಸು ತಂಪು ಕನ್ನಡಕವನ್ನು ತಲೆಗೇರಿಸಿಕೊಂಡು ಕೂತಿದ್ದಳು, ಅವಳ ಮುಂದೆ ಎತ್ತರದ ಗ್ಲಾಸಿನಲ್ಲಿ ಬೆಲ್ಲದ ಪಾನಕವಿತ್ತು. ಕೇಳಲೂ ಇಲ್ಲ, ಅದನ್ನು ಎತ್ತಿಕೊಂಡು ಓಡಿದೆ. ಅವಳು ಚೀರಿದಳು, ಪೇಟದವನು ಬೆನ್ನಟ್ಟಿ ಬಂದ. ಅತ್ತೆಯ ತಲೆಯನ್ನು ಎದೆಗೊರಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದೆ. ಮೊದಲ ಗುಟುಕು ಗದ್ದದ ಮೇಲೆ ಹರಿಯಿತು. ಎರಡನೆಯದನ್ನು ನುಂಗಿದರು. ನುಂಗಿದ್ದು ಗಂಟಲಲ್ಲಿ ಕಂಡಾಗ ನಾನು ಜೋರಾಗಿ ಅತ್ತುಬಿಟ್ಟೆ. ಫೋಟೋ ತೆಗೆಯುತ್ತಿದ್ದವರು ಆಗ ಮೊಬೈಲು ಕೆಳಗಿಳಿಸಿದರು.

ಪಾರ್ಕಿನ ಪ್ರಥಮ ಚಿಕಿತ್ಸೆಯ ಕೋಣೆಗೆ ಅವರನ್ನು ಗಾಲಿ ಕುರ್ಚಿಯಲ್ಲಿ ಒಯ್ದರು. ನನ್ನ ಗಂಡ, ಮಗಳು ಅಷ್ಟರಲ್ಲಿ ಬಂದಿದ್ದರು. ನರ್ಸು ಬೆರಳು ಚುಚ್ಚಿ ನೋಡಿ, ಪಾನಕ ಹೊಟ್ಟೆಗೆ ಹೋದ ಮೇಲೂ ಇಷ್ಟು ಕಮ್ಮಿ ಇದೆ ಎಂದಳು. ಇನ್ನೂ ಅರ್ಧ ಗಂಟೆ ಬಿಟ್ಟಿದ್ದರೆ ಉಳಿಯುವುದು ಕಷ್ಟವಾಗುತ್ತಿತ್ತು ಎಂದಳು. ಗ್ಲೂಕೋಸು ಕಲಸಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಅತ್ತೆಯ ಕಣ್ಣಿಗೆ ನಾವೆಲ್ಲ ಕಂಡೆವು. ಮೊಮ್ಮಗಳ ಕೆನ್ನೆ ಮುಟ್ಟಿ ಕನ್ನಡದಲ್ಲಿ ಮಾತಾಡಿದರು. ಮತ್ತೆ ಬೆರಳು ಚುಚ್ಚಿ ನೋಡಿ, ಈಗ ಊಟ ಮಾಡಿಸಿ ಎಂದ ನರ್ಸು, ಬೆಳಿಗ್ಗೆ ಇಂಜೆಕ್ಷನ್ನು ಕೊಟ್ಟವರು ಯಾರು, ಮಧ್ಯಾಹ್ನ ಯಾಕೆ ತಿನ್ನಿಸಲಿಲ್ಲ ಎಂದು ಕೇಳಿದಳು.

ಕೋಣೆಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಗಂಡನ ಮುಖ ಅಷ್ಟು ಬಿಗಿದದ್ದನ್ನು ನಾನು ನೋಡಿರಲಿಲ್ಲ.

"ನೀನು ಅಮ್ಮನ್ನ ಊಟಕ್ಕೆ ಕರೀಲೇ ಇಲ್ವಾ?"

ಗೊತ್ತಿದ್ದೂ ಬಿಟ್ಟು ಹೋದೆ ಎಂದು ಹೇಳುವವಳಿದ್ದೆನೋ, ಇನ್ನೊಂದು ಸುಳ್ಳು ಹುಡುಕುತ್ತಿದ್ದೆನೋ, ಈಗಲೂ ಹೇಳಲಾರೆ. ಅಷ್ಟರಲ್ಲಿ ಮಂಚದ ಮೇಲಿಂದ ಅತ್ತೆಯ ದನಿ ಬಂತು.

"ಎರಡು ಸಲ ಕರೆದ್ಲು ಕಣೋ. ಕೈ ಹಿಡಿದು ಎಳೆದ್ಲು. ಒಪ್ಪತ್ತು ಅಂತ ನಾನೇ ಕೂತ್ಕೊಂಡೆ. ಅವಳನ್ನ ಯಾಕೆ ನೋಡ್ತೀಯ?"

ನಾನು ಒಂದು ಸಲವೂ ಕರೆದಿರಲಿಲ್ಲ. ಅವರಿಗೆ ಅದು ಗೊತ್ತಿತ್ತು. ಹೇಳುವಾಗ ನನ್ನ ಕಡೆ ನೋಡಲೂ ಇಲ್ಲ. ಗಂಡನ ಸಿಟ್ಟೆಲ್ಲ ಅಮ್ಮನ ಕಡೆ ತಿರುಗಿತು, ವಯಸ್ಸಾದ ಮೇಲೂ ಬುದ್ಧಿ ಇಲ್ಲ ಎಂದು ಬೈದರು. ಅತ್ತೆ ಬೈಸಿಕೊಂಡರು. ಅದೇ ಹೋಟೆಲಿನಿಂದ ಅವರಿಗೆ ಊಟ ತರಿಸಿದೆವು. ಪಾನಕ ಕಳೆದುಕೊಂಡ ಹೆಂಗಸಿಗೆ ಇನ್ನೊಂದು ಗ್ಲಾಸು ಕೊಡಿಸಿ ಕ್ಷಮೆ ಕೇಳಿದೆ. ಅವಳು, ಅಜ್ಜಿ ಹೇಗಿದ್ದಾರೆ ಎಂದಷ್ಟೇ ಕೇಳಿದಳು. ದುಡ್ಡಿಗೆ ತಕ್ಕ ಹಾಗಿತ್ತಾ ಎಂದರೆ, ಆ ಒಂದು ಗ್ಲಾಸು ಪಾನಕಕ್ಕೆ ಅವರು ನನ್ನ ಕೊರಳಿನ ಸರ ಕೇಳಿದ್ದರೂ ಬಿಚ್ಚಿ ಕೊಡುತ್ತಿದ್ದೆ. ಮೊದಲೇ ಇನ್ನೊಂದು ತಟ್ಟೆ ಹೇಳಿದ್ದರೆ ಪಾನಕದ ಪ್ರಶ್ನೆಯೇ ಇರುತ್ತಿರಲಿಲ್ಲ.

ಕಾರು ಹತ್ತಿ ವಾಪಸು ಹೊರಟೆವು. ಮಾಲೂರು ದಾಟಿದ ಮೇಲೆ ಗಂಡ, ಅಲ್ಲಮ್ಮ, ನೀನು ಭಾನುವಾರ ಒಪ್ಪತ್ತು ಹಿಡಿಯುವುದು ಯಾವಾಗಿನಿಂದ ಎಂದು ಕೇಳಿದರು. ಸೋಮವಾರ ಎಂದು ಮಗಳೇ ಅವರಿಗೆ ಹೇಳಿದ್ದಳೋ, ತಡವಾಗಿ ತಲೆಗೆ ಹೊಳೆದಿತ್ತೋ. ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಇದೇ ವಾರದಿಂದ ಎಂದರು.

ಆ ಮಾತನ್ನು ಅವರು ನಡೆಸಿದರು. ಮುಂದಿನ ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು, ಮುದ್ದೆಗೆ ನನ್ನದು ಸೇರಿಸಬೇಡ, ಅವಲಕ್ಕಿ ನೆನೆಸು ಎಂದರು. ನಾನು ಸೂಜಿ ಹಿಡಿದು ನಿಂತಿದ್ದೆ. ಸೂಜಿಯನ್ನು ಕೆಳಗಿಟ್ಟು, ಅವತ್ತು ನಿಮ್ಮ ಒಪ್ಪತ್ತಲ್ಲ ಅಂತ ನನಗೆ ಗೊತ್ತಿತ್ತು ಅತ್ತೆ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು.

ಅವರು ಸೆರಗು ಸರಿಸಿ ಹೊಟ್ಟೆಯ ಪಕ್ಕವನ್ನು ನನ್ನ ಕಡೆ ತಿರುಗಿಸಿದರು.

"ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು. ಬಾಯಿಂದ ಬಂದ್ಮೇಲೆ ಒಪ್ಪತ್ತು ಹಿಡೀಲೇಬೇಕು, ಹಿಡೀತೀನಿ. ಎರಡು ಸಲ ಕರೆದ್ಲು ಅಂತ ಹೇಳಿದೀನಲ್ಲ, ಅದನ್ನ ನಡೆಸೋದು ನಿನ್ನ ಕೆಲಸ. ಚುಚ್ಚು ಈಗ."

ಚುಚ್ಚಿದೆ. ಅವತ್ತಿನಿಂದ ದಿನಾ ಎರಡು ಸಲ ಕರೆಯುತ್ತೇನೆ. ಊಟದ ಹೊತ್ತಿಗೆ ನಾನು ಆಫೀಸಿನಲ್ಲಿದ್ದರೆ ಫೋನು ಮಾಡುತ್ತೇನೆ, ಮನೆಯಲ್ಲಿದ್ದರೆ ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಮೊದಲ ಸಲ ಕರೆದಾಗ ಅವರು ಓಗೊಡುವುದೇ ಇಲ್ಲ, ಹಸುವಿನ ಮರೆಯಲ್ಲಿ ಸುಮ್ಮನೆ ಕೂತಿರುತ್ತಾರೆ. ಎರಡನೇ ಸಲ ಕರೆದು, ಉತ್ತರ ಯಾವ ಭಾಷೆಯಲ್ಲಿ ಬರುತ್ತದೋ ಎಂದು ಕಿವಿಗೊಟ್ಟು ನಿಲ್ಲುತ್ತೇನೆ. ಬಂದೆ ಕಣಮ್ಮ ಎಂದು ಕನ್ನಡದಲ್ಲಿ ಉತ್ತರ ಬಂದ ಮೇಲೆಯೇ ನಾನು ಒಳಗೆ ಹೋಗಿ ತಟ್ಟೆ ಇಡುತ್ತೇನೆ.